ಬೋರ್ಡಿನ ಮೇಲೆ ಇನ್ನೂ ಡೈನಮೋ

ಹೊಸನಗರದಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಅಂಗಡಿಯಿತ್ತು. ತಗಡಿನ ಬೋರ್ಡಿನ ಮೇಲೆ ಕೆಂಪು ಅಕ್ಷರಗಳಲ್ಲಿ ‘ಇಲ್ಲಿ ಸೆಲ್ಫ್, ಡೈನಮೋ ರಿಪೇರಿ ಮಾಡಲಾಗುವುದು’ ಎಂದು ಬರೆದಿತ್ತು. ನಮ್ಮ ನಾಡಿನ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಇಂಥದೊಂದು ಬೋರ್ಡು ಕಣ್ಣಿಗೆ ಬೀಳುತ್ತದೆ. ತಮಾಷೆಯೆಂದರೆ, ಈ ಅಂಗಡಿಗಳಿಗೆ ಬರುವ ಬಹುಪಾಲು ಗಾಡಿಗಳಲ್ಲಿ ಡೈನಮೋ ಎಂಬುದೇ ಇಲ್ಲ. ಅದು ಹೋಗಿ ಎಷ್ಟೋ ವರ್ಷಗಳಾದವು. ಆ ಜಾಗದಲ್ಲಿ ಕುಳಿತಿರುವುದು ಆಲ್ಟರ್ನೇಟರ್. ಆದರೆ ಡ್ರೈವರುಗಳ ಬಾಯಲ್ಲಿ, ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇವತ್ತಿಗೂ ಡೈನಮೋ. ವಸ್ತು ಹೋದರೂ ಹೆಸರು ಉಳಿಯುವುದು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯಲ್ಲ. ಹೆಸರಿನ ಜೊತೆಗೆ ಹಳೆಯ ಅಭ್ಯಾಸವೂ ಉಳಿದುಕೊಂಡರೆ ಏನಾಗುತ್ತದೆ ಎಂಬುದನ್ನು ಮಾತ್ರ ನನಗೆ ಹೇಳಿಕೊಟ್ಟದ್ದು ಆ ಅಂಗಡಿಯ ಮೇಸ್ತ್ರಿ.

ನನ್ನ ಬಳಿ ಆಗ ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಒಂದು ಆಷಾಢದ ರಾತ್ರಿ ಕುಂದಾಪುರದಿಂದ ಹುಲಿಕಲ್ ಘಾಟಿ ಹತ್ತಿ ಮನೆಗೆ ಬರುತ್ತಿದ್ದೆ. ಘಾಟಿಯ ಮಳೆ ಗೊತ್ತಲ್ಲ. ವೈಪರ್ ಓಡುತ್ತಲೇ ಇತ್ತು, ದೊಡ್ಡ ದೀಪ ಉರಿಯುತ್ತಲೇ ಇತ್ತು, ಗಾಜಿನ ಮಂಜು ಹೋಗಲೆಂದು ಫ್ಯಾನ್ ಕೂಡ ಹಾಕಿದ್ದೆ. ಮುಂದೆ ಒಂದು ಲಾರಿ, ಅದರ ಹಿಂದೆ ತೆವಳುತ್ತಾ ನಾನು. ಅರ್ಧ ದಾರಿಯಲ್ಲಿ ಬೆಳಕು ಹಳದಿಯಾದಂತೆ ಕಂಡಿತು. ಮಂಜಿರಬೇಕು ಎಂದುಕೊಂಡೆ. ಆಮೇಲೆ ವೈಪರ್ ಸೋತವರ ಕೈಯಂತೆ ನಿಧಾನವಾಯಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದ ದನಿ. ಘಾಟಿ ಮುಗಿದು ನಗರದ ಕೋಟೆ ಇನ್ನೇನು ಹತ್ತಿರ ಬಂತು ಅನ್ನುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಬಿದನೂರಿನ ಬಗ್ಗೆ ವರ್ಷಕ್ಕೆ ಎರಡು ಸಲ ಪಾಠ ಮಾಡುತ್ತಿದ್ದ ನಾನು ಆ ರಾತ್ರಿಯನ್ನು ಕೆಳದಿ ಅರಸರ ಆ ರಾಜಧಾನಿಯ ಬಾಗಿಲಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ, ಕಾಲು ಮಡಚಿಕೊಂಡು ಕಳೆದೆ.

ಬೆಳಿಗ್ಗೆ ಒಂದು ಪಿಕಪ್ ಗಾಡಿಯ ಹಿಂದೆ ಹಗ್ಗ ಕಟ್ಟಿಸಿ ಕಾರನ್ನು ಹೊಸನಗರಕ್ಕೆ ಎಳೆಸಿಕೊಂಡು ಬಂದೆ.

“ಬ್ಯಾಟರಿ ಹೋಗಿದೆ ಅಂತ ಕಾಣುತ್ತೆ ಮೇಸ್ತ್ರಿ. ಎರಡು ತಿಂಗಳ ಹಿಂದೆ ಪೇಟೆಯ ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ್ದೆ, ಅದೂ ಹೋಯಿತು” ಎಂದೆ.

“ಬ್ಯಾಟರಿ ಹೋಗಿಲ್ಲ ಮೇಷ್ಟ್ರೆ, ಹಸಿದಿದೆ. ಯಾರೂ ಉಣ್ಣಿಸ್ತಾ ಇಲ್ಲ ಅದಕ್ಕೆ. ಹಸಿದವನನ್ನ ಬದಲಾಯಿಸಿ ಇನ್ನೊಬ್ಬನನ್ನ ತಂದು ಕೂರಿಸಿದ್ರೆ ಅವನೂ ಹಸೀತಾನೆ” ಎಂದರು.

ಅವರು ನನ್ನನ್ನು ಮೇಷ್ಟ್ರೆ ಎನ್ನುತ್ತಿದ್ದರು, ನಾನು ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆ. ಒಂದು ಪದ ಇಂಗ್ಲಿಷರ ಮೂಲಕ ಬಂದದ್ದು, ಇನ್ನೊಂದು ಪೋರ್ಚುಗೀಸರ ಮೂಲಕ. ಹಿಂದಕ್ಕೆ ಹೋದರೆ ಎರಡಕ್ಕೂ ಲ್ಯಾಟಿನ್ ಭಾಷೆಯ ಒಂದೇ ತಾಯಿಬೇರು. ಕಲಿಸುವವನು, ಬಲ್ಲವನು ಎಂದು ಅದರ ಅರ್ಥ. ಆ ದಿನ ಆ ಅರ್ಥ ಪೂರ್ತಿಯಾಗಿ ಅವರ ಕಡೆಗಿತ್ತು.

ಅವರು ಏನನ್ನೂ ಬಿಚ್ಚಲಿಲ್ಲ. ಮೊದಲು ಬಾನೆಟ್ ಎತ್ತಿ ಬೆಲ್ಟನ್ನು ಹೆಬ್ಬೆರಳಿನಿಂದ ಅದುಮಿದರು. ಬಿಗಿಯಾಗಿತ್ತು. ಬ್ಯಾಟರಿಯ ಎರಡೂ ತಲೆಗಳನ್ನು ಅಲ್ಲಾಡಿಸಿ ನೋಡಿದರು. ಬಿಳಿ ಪುಡಿ ಕಟ್ಟಿರಲಿಲ್ಲ, ಸಡಿಲವೂ ಇರಲಿಲ್ಲ. ತಮ್ಮದೇ ಒಂದು ಬ್ಯಾಟರಿ ತಂದು ಜೋಡಿಸಿ, “ಕೀ ತಿರುಗಿಸಿ. ಸ್ಟಾರ್ಟ್ ಮಾಡಬೇಡಿ. ಯಾವ್ಯಾವ ದೀಪ ಹತ್ತಿದೆ ಹೇಳಿ” ಎಂದರು.

ಆಯಿಲ್ ದೀಪ ಹತ್ತಿತ್ತು. ಬ್ಯಾಟರಿ ಚಿತ್ರವಿರುವ ಕೆಂಪು ದೀಪ ಹತ್ತಿರಲಿಲ್ಲ. ಹತ್ತಿಲ್ಲ ಎಂದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿದೆ. ಮೇಸ್ತ್ರಿ ನಕ್ಕರು. ಆಲ್ಟರ್ನೇಟರಿನ ಹಿಂಭಾಗದಿಂದ ಒಂದು ಸಣ್ಣ ವೈರು ಕಳಚಿ ಅದರ ತುದಿಯನ್ನು ಎಂಜಿನ್ನಿನ ಮೈಗೆ ಮುಟ್ಟಿಸಿದರು. ದೀಪ ಆಗಲೂ ಹತ್ತಲಿಲ್ಲ. ವೈರು ಚೆನ್ನಾಗಿದೆಯೇ ಎಂದು ಪರೀಕ್ಷಿಸಿ, ಮೀಟರ್ ಬೋರ್ಡು ಬಿಚ್ಚಿ, ಕಡಲೆಕಾಯಿ ಬೀಜದಷ್ಟಿದ್ದ ಒಂದು ಬಲ್ಬನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಒಳಗಿನ ಎಳೆ ತುಂಡಾಗಿತ್ತು. ಹೊಸ ಬಲ್ಬು ಹಾಕಿದ ಮೇಲೆ ದೀಪ ಹತ್ತಿತು. ಎಂಜಿನ್ ಚಾಲೂ ಮಾಡಿದಾಗ ಆರಿತು. ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದರೆ 13.9 ವೋಲ್ಟ್.

ಒಂದು ಬಲ್ಬು ಸುಟ್ಟರೆ ಗಾಡಿಯೇಕೆ ನಿಲ್ಲಬೇಕು? ಈ ಪ್ರಶ್ನೆಗೆ ಮೇಸ್ತ್ರಿ ಕೊಟ್ಟ ಉತ್ತರ ನನ್ನನ್ನು ಸುಮಾರು 170 ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ಬುಕ್‌ಬೈಂಡಿಂಗ್ ಕೆಲಸ ಕಲಿಯುತ್ತಾ ಬೆಳೆದ ಮೈಕೆಲ್ ಫ್ಯಾರಡೆ 1831ರಲ್ಲಿ ಲಂಡನ್ನಿನಲ್ಲಿ ಕಂಡುಕೊಂಡದ್ದು ಹೇಳುವುದಕ್ಕೆ ಬಹಳ ಸರಳ. ತಂತಿಯ ಸುರುಳಿಯೊಳಗೆ ಅಯಸ್ಕಾಂತದ ಪ್ರಭಾವ ಬದಲಾಗುತ್ತಿದ್ದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅಯಸ್ಕಾಂತ ಸುಮ್ಮನೆ ನಿಂತರೆ ಏನೂ ಇಲ್ಲ, ಅಲುಗಬೇಕು. ಮರುವರ್ಷವೇ ಪ್ಯಾರಿಸ್ಸಿನ ಉಪಕರಣ ತಯಾರಕ ಹಿಪೊಲಿಟ್ ಪಿಕ್ಸಿ ಕೈಯಿಂದ ತಿರುಗಿಸುವ ಯಂತ್ರವೊಂದನ್ನು ಮಾಡಿದ. ಅಯಸ್ಕಾಂತ ತಿರುಗುತ್ತಿತ್ತು, ಸುರುಳಿ ನಿಂತಿತ್ತು. ವಿದ್ಯುತ್ತೇನೋ ಬಂತು, ಆದರೆ ಅರ್ಧ ಸುತ್ತಿಗೆ ಒಮ್ಮೆ ಅದರ ದಿಕ್ಕು ತಿರುಗಿ ಬೀಳುತ್ತಿತ್ತು. ಇವತ್ತು ನಾವು ಎಸಿ ಎನ್ನುವುದು ಅದನ್ನೇ. ಆಗಿನ ಕಾಲದವರು ಬಲ್ಲ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವ ಬ್ಯಾಟರಿಯ ವಿದ್ಯುತ್ತು. ಹಾಗಾಗಿ ಇದು ಅವರಿಗೆ ಯಂತ್ರದ ದೋಷವಾಗಿ ಕಂಡಿತು. ಆಂಪಿಯರ್ ಸೂಚಿಸಿದಂತೆ ಪಿಕ್ಸಿ ಕಮ್ಯುಟೇಟರ್ ಎಂಬ ಸಾಧನವನ್ನು ಸೇರಿಸಿದ. ದಿಕ್ಕು ತಿರುಗುವ ಹೊತ್ತಿಗೆ ಸರಿಯಾಗಿ ಸಂಪರ್ಕವನ್ನೂ ಅದಲುಬದಲು ಮಾಡಿ, ಹೊರಗೆ ಬರುವ ವಿದ್ಯುತ್ತು ಒಂದೇ ಕಡೆ ಹರಿಯುವಂತೆ ಅದು ನೋಡಿಕೊಳ್ಳುತ್ತಿತ್ತು. ಮುಂದೆ ಡೈನಮೋ ಆದದ್ದು ಈ ವಂಶ. ಅಂದರೆ ಮೊದಲು ಹುಟ್ಟಿದ್ದು ಆಲ್ಟರ್ನೇಟರು. ಅದನ್ನು ತಿದ್ದಿ ಮಾಡಿದ್ದು ಡೈನಮೋ.

ಡೈನಮೋ ಎಂಬ ಹೆಸರು ನೆಲೆಯಾದದ್ದು 1867ರ ಸುಮಾರಿಗೆ. ವರ್ನರ್ ಫಾನ್ ಸೀಮೆನ್ಸ್ ಮತ್ತು ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇನ್ನೂ ಕೆಲವರು ಒಂದು ಉಪಾಯ ಕಂಡುಕೊಂಡರು. ಶಾಶ್ವತ ಅಯಸ್ಕಾಂತ ಬೇಡ. ಕಬ್ಬಿಣಕ್ಕೆ ತಂತಿ ಸುತ್ತಿ, ಯಂತ್ರ ತಾನೇ ಹುಟ್ಟಿಸಿದ ವಿದ್ಯುತ್ತಿನ ಒಂದು ಪಾಲನ್ನು ಆ ತಂತಿಗೆ ಕೊಟ್ಟು, ತನ್ನ ಅಯಸ್ಕಾಂತವನ್ನು ತಾನೇ ಬೆಳೆಸಿಕೊಳ್ಳುವುದು. ಮೊಸರು ಮಾಡಲು ಹೆಪ್ಪು ಬೇಕು, ಹೆಪ್ಪಿಗೆ ಮೊಸರು ಬೇಕು ಎನ್ನುವ ಹಾಗೆ ಇದು. ಆರಂಭದ ಆ ಹೆಪ್ಪು ಎಲ್ಲಿಂದ ಬರಬೇಕು? ಒಮ್ಮೆ ಅಯಸ್ಕಾಂತವಾದ ಕಬ್ಬಿಣದಲ್ಲಿ ಸ್ವಲ್ಪ ಗುಣ ಉಳಿದುಕೊಂಡಿರುತ್ತದೆ. ಡೈನಮೋಗೆ ಅಷ್ಟು ಸಾಕಾಗುತ್ತಿತ್ತು. ಕಾರಿನ ಆಲ್ಟರ್ನೇಟರಿಗೆ ಅದು ಸಾಲುವುದಿಲ್ಲ. ನನ್ನ ಕಾರಿನಂಥ ಹಳೆಯ ಗಾಡಿಗಳಲ್ಲಿ ಆರಂಭದ ಆ ಚೂರು ವಿದ್ಯುತ್ತು ಬ್ಯಾಟರಿಯಿಂದ ಹೊರಟು ಕೆಂಪು ದೀಪದ ಮೂಲಕವೇ ಹಾದು ಆಲ್ಟರ್ನೇಟರಿಗೆ ಹೋಗುತ್ತಿತ್ತು. ದೀಪ ಬರೀ ಸುದ್ದಿ ಹೇಳುವ ಡಂಗುರದವನಲ್ಲ, ಹೆಪ್ಪು ಕೊಂಡೊಯ್ಯುವವನೂ ಹೌದು. ಬಲ್ಬು ಸುಟ್ಟ ಮೇಲೆ, ಎಂಜಿನ್ ಜೋರಾಗಿ ತಿರುಗಿದ ದಿನ ಉಳಿಕೆ ಗುಣದಿಂದಲೇ ಆಲ್ಟರ್ನೇಟರ್ ಹೇಗೋ ಎದ್ದುಕೊಳ್ಳುತ್ತಿತ್ತು. ಲಾರಿಯ ಹಿಂದೆ ತೆವಳಿದ ಆ ರಾತ್ರಿ ಏಳಲಿಲ್ಲ.

ಇಷ್ಟಕ್ಕೂ ಕಾರಿಗೆ ಸ್ವಂತ ವಿದ್ಯುತ್ತು ಬೇಕೆಂದು ಆರಂಭದಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ದೀಪಕ್ಕೆ ಕಾರ್ಬೈಡ್ ಗ್ಯಾಸ್ ಇತ್ತು. ಜಾತ್ರೆಯ ಅಂಗಡಿಗಳಲ್ಲಿ, ಯಕ್ಷಗಾನದ ಬಯಲಿನಲ್ಲಿ ನಮ್ಮ ಹಿರಿಯರು ನೋಡಿದ ಗ್ಯಾಸ್ ದೀಪದ ನೆಂಟ ಅದು. ಎಂಜಿನ್ನಿನ ಕಿಡಿಗೆ ಮ್ಯಾಗ್ನೆಟೋ ಇತ್ತು. ಚಾಲೂ ಮಾಡುವುದಕ್ಕೆ ಮನುಷ್ಯನ ತೋಳಿತ್ತು. ಹ್ಯಾಂಡಲ್ ಹಾಕಿ ತಿರುಗಿಸುವಾಗ ಎಂಜಿನ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರು ಎಲ್ಲ ದೇಶಗಳಲ್ಲೂ ಇದ್ದರು. ಅಮೆರಿಕದ ಓಹಾಯೋ ರಾಜ್ಯದ ಡೇಟನ್ನಿನಲ್ಲಿದ್ದ ಚಾರ್ಲ್ಸ್ ಕೆಟೆರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ನಮ್ಮವರು ‘ಸೆಲ್ಫ್’ ಎನ್ನುವುದು ಇದನ್ನೇ. ಸ್ಟಾರ್ಟರ್ ಬಂದರೆ ಬ್ಯಾಟರಿ ಬೇಕು, ಬ್ಯಾಟರಿ ಇಟ್ಟರೆ ಅದನ್ನು ತುಂಬುವವನೊಬ್ಬ ಬೇಕು. ಹೀಗೆ ಸೀಸ ಮತ್ತು ಆಮ್ಲದ ಬ್ಯಾಟರಿ (ಇದನ್ನು ಫ್ರಾನ್ಸಿನ ಗಸ್ತೋನ್ ಪ್ಲಾಂಟೆ 1859ರಲ್ಲೇ ಮಾಡಿದ್ದ) ಮತ್ತು ಡೈನಮೋ ಜೋಡಿಯಾಗಿ ಮೋಟಾರು ಗಾಡಿಯೊಳಗೆ ಬಂದು ಕೂತವು. ಫೋರ್ಡ್ ಮಾಡೆಲ್ ಟಿ ಕಾರಿಗೆ ಈ ಸೌಕರ್ಯ ದೊರೆತದ್ದು 1919ರಲ್ಲಿ. ಅದಕ್ಕೂ ಮೊದಲು ಅದರ ವಿದ್ಯುತ್ ದೀಪಗಳು ಮ್ಯಾಗ್ನೆಟೋ ನಂಬಿಕೊಂಡಿದ್ದವು. ಎಂಜಿನ್ ಜೋರಾದರೆ ಬೆಳಕು ಹೆಚ್ಚು, ನಿಧಾನವಾದರೆ ಕಡಿಮೆ. ಸೈಕಲ್ಲಿಗೆ ಡೈನಮೋ ಹಾಕಿ ಪೆಡಲ್ ತುಳಿದವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ತಮಾಷೆ: ಟೈರಿಗೆ ತಾಗಿ ತಿರುಗುವ ಸೈಕಲ್ ಡೈನಮೋ ನಿಜಕ್ಕೂ ಡೈನಮೋ ಅಲ್ಲ. ಒಳಗೆ ತಿರುಗುವುದು ಅಯಸ್ಕಾಂತ, ಹೊರಬರುವುದು ಎಸಿ. ಪಿಕ್ಸಿಯ ಮೊದಲ ಯಂತ್ರದ ಮರಿಮಗ ಅದು.

ಡೈನಮೋಗೆ ಎರಡು ದೊಡ್ಡ ಕೊರತೆಗಳಿದ್ದವು. ಅದರಲ್ಲಿ ವಿದ್ಯುತ್ತು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಹುಟ್ಟಿದ್ದಷ್ಟೂ ಕಮ್ಯುಟೇಟರಿನ ತಾಮ್ರದ ಪಟ್ಟಿಗಳನ್ನು ಉಜ್ಜಿಕೊಂಡು ಕೂತ ಕಾರ್ಬನ್ ತುಂಡುಗಳ ಮೂಲಕವೇ ಹೊರಗೆ ಬರಬೇಕು. ಕಿಡಿ ಹಾರುತ್ತದೆ, ಕಾರ್ಬನ್ ಸವೆಯುತ್ತದೆ, ತಾಮ್ರ ಕರಕಲಾಗುತ್ತದೆ. ಪಟ್ಟಿಗಳ ನಡುವಿನ ಅಭ್ರಕವನ್ನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದು ತಗ್ಗಿಸುವುದು ಮೇಸ್ತ್ರಿ ಹುಡುಗನಾಗಿದ್ದಾಗ ಕಲಿತ ಮೊದಲ ಕೆಲಸವಂತೆ. ಎರಡನೆಯದು, ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಏನನ್ನೂ ಕೊಡುತ್ತಿರಲಿಲ್ಲ. ಕೊಡುವುದಿರಲಿ, ಬಿಟ್ಟರೆ ಬ್ಯಾಟರಿಯಿಂದಲೇ ಕುಡಿದುಬಿಡುತ್ತಿತ್ತು. ಅದನ್ನು ತಡೆಯಲು ಕಟೌಟ್ ಎಂಬ ಸಣ್ಣ ಬಾಗಿಲನ್ನು ಇಡುತ್ತಿದ್ದರು. ಡೈನಮೋದ ಒತ್ತಡ ಬ್ಯಾಟರಿಗಿಂತ ಹೆಚ್ಚಾದಾಗ ಬಾಗಿಲು ತೆರೆಯುತ್ತದೆ, ಕಡಿಮೆಯಾದರೆ ಮುಚ್ಚಿಕೊಳ್ಳುತ್ತದೆ. ಊರೊಳಗೆ ತೆವಳುವ ಟ್ಯಾಕ್ಸಿಗಳ ಬ್ಯಾಟರಿ ಸಂಜೆಯ ಹೊತ್ತಿಗೆ ಇಳಿದುಹೋಗುತ್ತಿದ್ದುದೂ, ಡ್ರೈವರುಗಳು ಇಳಿಜಾರು ಹುಡುಕಿ ಗಾಡಿ ನಿಲ್ಲಿಸುತ್ತಿದ್ದುದೂ ಈ ಕಾರಣಕ್ಕೆ.

ಅಷ್ಟು ಹೊತ್ತಿಗೆ ಕಾರಿನ ಹೊರಗಿನ ಜಗತ್ತು ಎಸಿಯನ್ನು ಒಪ್ಪಿಕೊಂಡು ದಶಕಗಳೇ ಆಗಿದ್ದವು. ಎಡಿಸನ್‌ನ ಡಿಸಿಗೂ ಟೆಸ್ಲಾ ಮತ್ತು ವೆಸ್ಟಿಂಗ್‌ಹೌಸ್‌ರ ಎಸಿಗೂ ನಡೆದ ಜಗಳದಲ್ಲಿ ಎಸಿ ಗೆದ್ದಿತ್ತು. ಶಿವನಸಮುದ್ರದಲ್ಲಿ ಕಾವೇರಿಯ ನೀರು ತಿರುಗಿಸಿದ ಆಲ್ಟರ್ನೇಟರುಗಳು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದವು. ಅಷ್ಟು ದೂರಕ್ಕೆ ಕಳಿಸಲು ಸಾಧ್ಯವಾದದ್ದು ಅದು ಎಸಿ ಆಗಿದ್ದರಿಂದ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. ಆದರೆ ಆ ದೀಪದ ಕೆಳಗೆ ಓಡಾಡಿದ ಮೋಟಾರು ಗಾಡಿಗಳೊಳಗೆ ಆಲ್ಟರ್ನೇಟರ್ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಯಬೇಕಾಯಿತು. ಕಾರಣ ಬ್ಯಾಟರಿ. ಅದಕ್ಕೆ ಒಂದೇ ದಿಕ್ಕಿನ ವಿದ್ಯುತ್ತು ಬೇಕು. ಎಸಿಯನ್ನು ಡಿಸಿ ಮಾಡುವ, ಬಾನೆಟ್ಟಿನ ಬಿಸಿ ತಡೆಯುವ, ಅಂಗೈಯೊಳಗೆ ಹಿಡಿಸುವ ಸಾಧನ ಇರಲಿಲ್ಲ. 1950ರ ದಶಕದಲ್ಲಿ ಸಿಲಿಕಾನ್ ಡಯೋಡು ಆ ಕೆಲಸಕ್ಕೆ ಸಿದ್ಧವಾಯಿತು. ಒಂದು ಕಡೆಗೆ ಮಾತ್ರ ದಾರಿ ಬಿಡುವ ಬಾಗಿಲು ಅದು. 1960ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿನಲ್ಲಿ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿತು.

ಆಲ್ಟರ್ನೇಟರಿನಲ್ಲಿ ಒಳಗಿನದು ಹೊರಗಾಗಿದೆ, ಹೊರಗಿನದು ಒಳಗಾಗಿದೆ. ತಿರುಗುವುದು ಅಯಸ್ಕಾಂತ, ನಿಂತಿರುವುದು ವಿದ್ಯುತ್ತು ಹುಟ್ಟುವ ಸುರುಳಿ. ಕಾರ್ಬನ್‌ಗಳ ಮೂಲಕ ಹಾಯುವುದು ಅಯಸ್ಕಾಂತಕ್ಕೆ ಬೇಕಾದ ಕೆಲವೇ ಆಂಪಿಯರ್. ಹಾಗಾಗಿ ಅವು ಬೇಗ ಸವೆಯುವುದಿಲ್ಲ. ಎಂಜಿನ್ನಿಗಿಂತ ಹೆಚ್ಚು ವೇಗದಲ್ಲಿ ತಿರುಗಿಸಿದರೂ ತಡೆದುಕೊಳ್ಳುತ್ತದೆ, ಆದ್ದರಿಂದ ಗಾಡಿ ನಿಂತಲ್ಲೇ ಗುರುಗುಟ್ಟುವಾಗಲೂ ಬ್ಯಾಟರಿಗೆ ಊಟ ಸಿಗುತ್ತದೆ. ಮೂರು ಸುರುಳಿಗಳಿಗೆ ಎರಡೆರಡರಂತೆ ಆರು ಡಯೋಡುಗಳು ಎಸಿಯನ್ನು ಡಿಸಿ ಮಾಡುತ್ತವೆ. ಬ್ಯಾಟರಿಯಿಂದ ವಿದ್ಯುತ್ತು ಹಿಂದಕ್ಕೆ ಹರಿಯದಂತೆ ತಡೆಯುವುದೂ ಅವೇ. ಕಟೌಟಿನ ಕೆಲಸ ಮುಗಿಯಿತು.

ನಮ್ಮ ರಸ್ತೆಗಳಿಗೆ ಇದು ನಿಧಾನವಾಗಿ ಬಂತು. ಹಳೆಯ ಜೀಪು, ಲಾರಿ, ಟ್ಯಾಕ್ಸಿಗಳು ಬಹಳ ಕಾಲ ಡೈನಮೋ ಹೊತ್ತೇ ಓಡಿದವು. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಸಣ್ಣ ಊರುಗಳ ಅಂಗಡಿಗಳಲ್ಲೂ ಆಲ್ಟರ್ನೇಟರ್ ಕಾಣತೊಡಗಿತು. ಮೇಸ್ತ್ರಿ ತಮ್ಮ ಕತೆ ಹೇಳಿದ್ದು ಈ ಘಟ್ಟದಲ್ಲಿ. ಆ ಹೊತ್ತಿಗೆ ನಮ್ಮ ಪರಿಚಯವಾಗಿ ಕೆಲವು ವರ್ಷಗಳಾಗಿದ್ದವು.

ಡೈನಮೋ ಕಾಲದಲ್ಲಿ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿದ್ದ ಒಂದು ಪರೀಕ್ಷೆಯಿತ್ತು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ತಲೆ ಕಿತ್ತುಬಿಡುವುದು. ಎಂಜಿನ್ ಓಡುತ್ತಲೇ ಇದ್ದರೆ ಡೈನಮೋ ಸರಿಯಿದೆ, ನಿಂತುಹೋದರೆ ಇಲ್ಲ. ಮೀಟರ್ ಬೇಕಿಲ್ಲ, ಲೆಕ್ಕ ಬೇಕಿಲ್ಲ. ಮೇಸ್ತ್ರಿಗೆ ಇದನ್ನು ಕಲಿಸಿದ್ದು ಅವರ ಗುರು, ಗುರುವಿಗೆ ಅವರ ಗುರು. ಎಂಬತ್ತರ ದಶಕದ ಕೊನೆಯಲ್ಲಿ ಊರಿನ ಡಾಕ್ಟರೊಬ್ಬರು ಹೊಸ ಕಾರು ತಂದು, ದೀಪ ಸ್ವಲ್ಪ ಮಂಕು, ನೋಡು ಎಂದರಂತೆ. ಮೇಸ್ತ್ರಿ ಎಂಜಿನ್ ಓಡಿಸಿ, ಸ್ವಲ್ಪ ರೇಸ್ ಮಾಡಿ, ಬ್ಯಾಟರಿಯ ತಲೆ ಕಿತ್ತರು.

“ದೀಪಗಳೆಲ್ಲ ಒಂದು ಸಲ ಬೆಳ್ಳಗೆ ಹೊಳೆದವು ಮೇಷ್ಟ್ರೆ. ದೀಪಾವಳಿ ಹಂಗೆ. ಆಮೇಲೆ ಏನೂ ಇಲ್ಲ. ಸುಟ್ಟ ವಾಸನೆ.”

ಆಲ್ಟರ್ನೇಟರಿಗೆ ಬ್ಯಾಟರಿ ಎಂದರೆ ಕಾಲುವೆಯ ತುದಿಯ ಕೆರೆಯಿದ್ದ ಹಾಗೆ. ನೀರು ರಭಸವಾಗಿ ಬಂದರೂ ಕೆರೆ ನುಂಗಿಕೊಳ್ಳುತ್ತದೆ. ತುಂಬಿ ಹರಿಯುವಾಗ ತಟ್ಟನೆ ಕೆರೆಯ ದಾರಿ ಕಟ್ಟಿದರೆ ಕಾಲುವೆಯ ಏರಿಯೇ ಒಡೆಯುತ್ತದೆ. ತಿರುಗುವ ಅಯಸ್ಕಾಂತದ ಬಲ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುವುದಿಲ್ಲ. ಅಷ್ಟರೊಳಗೆ ಹದಿನಾಲ್ಕು ವೋಲ್ಟಿನ ಜಾಗದಲ್ಲಿ ಅದರ ಹಲವು ಪಟ್ಟು ಏರಿಬಿಡುತ್ತದೆ. ಡೈನಮೋದ ತಾಮ್ರ, ಕಬ್ಬಿಣ ಇಂಥ ಹೊಡೆತವನ್ನು ತಾಳಿಕೊಳ್ಳುತ್ತಿದ್ದವು. ಸಿಲಿಕಾನಿಗೆ ಆ ತಾಳ್ಮೆ ಇಲ್ಲ. ಡಯೋಡು, ರೆಗ್ಯುಲೇಟರು, ಡಾಕ್ಟರ ರೇಡಿಯೋ ಎಲ್ಲ ಒಟ್ಟಿಗೆ ಹೋದವು.

ಮೇಸ್ತ್ರಿ ಕಾರಿನದೇ ದೋಷ ಎನ್ನಬಹುದಿತ್ತು. ಊರಿನಲ್ಲಿ ಆಲ್ಟರ್ನೇಟರ್ ಬಗ್ಗೆ ಅವರಿಗಿಂತ ಹೆಚ್ಚು ಗೊತ್ತಿದ್ದವರು ಯಾರೂ ಇರಲಿಲ್ಲ, ಅವರ ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವರು ಡಾಕ್ಟರ ಮನೆಗೆ ಹೋಗಿ, “ಕಾರು ಸರಿ ಇತ್ತು, ನಾನು ಕೆಡಿಸಿದೆ” ಎಂದರಂತೆ. ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿದರು. ಮೂರು ತಿಂಗಳ ದುಡಿಮೆ ಅದಕ್ಕೆ ಹೋಯಿತು. ಸುಟ್ಟ ಆಲ್ಟರ್ನೇಟರನ್ನು ಎಸೆಯದೆ ಮನೆಗೆ ತಂದು, ಬಿಚ್ಚಿ, ಮಗನ ಲೆಕ್ಕದ ಪುಸ್ತಕದಲ್ಲಿ ಚಿತ್ರ ಬರೆದುಕೊಂಡರು. ಒಂದು ಮೀಟರ್ ಕೊಂಡರು. ಅಂದಿನಿಂದ ಕಿವಿಯಿಂದ, ಕಿಡಿಯಿಂದ ಮಾಡುತ್ತಿದ್ದ ಪರೀಕ್ಷೆಗಳನ್ನೆಲ್ಲ ಬಿಟ್ಟರು.

ಆ ಪುಸ್ತಕವನ್ನು ನನಗೊಮ್ಮೆ ತೋರಿಸಿದ್ದರು. ಅದರಲ್ಲಿದ್ದ ಕ್ರಮ ಹೆಚ್ಚುಕಡಿಮೆ ಹೀಗಿತ್ತು. ಎಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12ಕ್ಕೆ ಬಂದಿದ್ದರೆ ಖಾಲಿಯಾಗುತ್ತಿದೆ. ಎಂಜಿನ್ ಓಡುವಾಗ 13.8ರಿಂದ 14.4ರ ಒಳಗಿರಬೇಕು. ಏರದೆ ಅಲ್ಲೇ ನಿಂತಿದ್ದರೆ ಬೆಲ್ಟು, ದೀಪ, ಕಾರ್ಬನ್ ನೋಡು. 15 ದಾಟಿದರೆ ರೆಗ್ಯುಲೇಟರ್ ನೋಡು. ಬ್ಯಾಟರಿಯ ನೀರು ಕುದಿದು ಹೋಗುತ್ತಿರುತ್ತದೆ. ಆಲ್ಟರ್ನೇಟರಿನ ತಲೆಯಲ್ಲಿ ಸರಿಯಾಗಿದ್ದು ಬ್ಯಾಟರಿಯ ತಲೆಯಲ್ಲಿ ಕಡಿಮೆಯಿದ್ದರೆ ನಡುವಿನ ವೈರು ತಿನ್ನುತ್ತಿದೆ. ಓಡುವಾಗ ಸರಿಯಿದ್ದು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಬ್ಯಾಟರಿ ಇಳಿದಿದ್ದರೆ ಡಯೋಡು ಸೋರುತ್ತಿರಬಹುದು. ಕೊನೆಯಲ್ಲಿ, ಎರಡು ಗೆರೆ ಎಳೆದು: ‘ಓಡುವಾಗ ತಲೆ ಕೀಳಬಾರದು.’

ಮೇಸ್ತ್ರಿ ಈಗಿಲ್ಲ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಕಳೆದ ಮಳೆಗಾಲದಲ್ಲಿ ನನ್ನ ಈಗಿನ ಕಾರು ಒಯ್ದಿದ್ದೆ. ಓಡುವಾಗ 12.7 ತೋರಿಸುತ್ತಿದೆ, ನಿನ್ನ ಅಪ್ಪ 13.8 ಇರಬೇಕು ಅನ್ನುತ್ತಿದ್ದರು, ಆಲ್ಟರ್ನೇಟರ್ ಬಿಚ್ಚಿ ನೋಡು ಎಂದೆ. ಅವನು ಸ್ಕ್ಯಾನರ್ ಚುಚ್ಚಿ ಸ್ವಲ್ಪ ಹೊತ್ತು ನೋಡಿದ.

“ಬಿಚ್ಚೋದು ಬೇಡ ಸರ್. ಈ ಗಾಡೀಲಿ ಎಷ್ಟು ಚಾರ್ಜ್ ಬೇಕು ಅಂತ ಕಂಪ್ಯೂಟರ್ ಹೇಳುತ್ತೆ. ಬ್ಯಾಟರಿ ತುಂಬಿದ್ರೆ ಪೆಟ್ರೋಲ್ ಉಳಿಸೋಕೆ ಕಡಿಮೆ ಮಾಡುತ್ತೆ. ಅಪ್ಪನ ಲೆಕ್ಕ ಅಪ್ಪನ ಕಾಲದ ಗಾಡಿಗೆ ಸರಿ.”

ದೀಪ ಹಾಕಿ, ಫ್ಯಾನ್ ಹಾಕಿ ತೋರಿಸಿದ. ಮೀಟರ್ ನಿಧಾನವಾಗಿ 14ಕ್ಕೆ ಏರಿತು. ಬ್ಯಾಟರಿಯ ತಲೆ ಕಿತ್ತು ನೋಡುವವರ ಸಾಲಿನಲ್ಲಿ ಈಗ ನಾನೇ ನಿಂತಿದ್ದೆ. ಬ್ಯಾಟರಿಯಿಂದಲೇ ಓಡುವ ಕಾರುಗಳಲ್ಲಂತೂ ಆಲ್ಟರ್ನೇಟರೇ ಇರುವುದಿಲ್ಲ ಎಂದೂ ಅವನೇ ಹೇಳಿದ. ಬೋರ್ಡಿಗೆ ಹೊಸದಾಗಿ ಬಣ್ಣ ಹೊಡೆಸಿದ್ದ. ಅಕ್ಷರ ಮಾತ್ರ ಹಳೆಯವೇ. ಯಾಕೆ ಬದಲಾಯಿಸಲಿಲ್ಲ ಎಂದು ಕೇಳಿದೆ.

“ಡೈನಮೋ ಅಂದ್ರೇನೆ ಜನಕ್ಕೆ ಗೊತ್ತಾಗೋದು ಸರ್” ಎಂದ.

ಹೊರಡುವಾಗ ಕೀ ತಿರುಗಿಸಿ ಒಂದು ಕ್ಷಣ ಕಾದೆ. ಕೆಂಪು ದೀಪ ಹತ್ತಿತು. ಆಮೇಲೆ ಸ್ಟಾರ್ಟ್ ಮಾಡಿದೆ.